ಹಳೇ ಕಾರು ಹೊಸ ಕಾರಿಗಿಂತ ದುಬಾರಿಯಾಗಿದ್ದ ಕಾಲ

ಶೋರೂಮಿನ ಗೇಟು ದಾಟಿದ ತಕ್ಷಣ ಹೊಸ ಕಾರಿನ ಬೆಲೆ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ನಮ್ಮದೇ ದೇಶದಲ್ಲಿ ಎರಡು-ಮೂರು ದಶಕಗಳ ಕಾಲ ಇದು ಪೂರ್ತಿ ಉಲ್ಟಾ ಇತ್ತು ಅಂದ್ರೆ ನಂಬ್ತೀರಾ? ಗೇಟು ದಾಟಿದ ಕಾರಿನ ಬೆಲೆ ಏರುತ್ತಿತ್ತು! ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ತಾಳ್ಮೆ ಇಲ್ಲದವರು ಕಾರು ಸಿಕ್ಕಿದವರ ಮನೆ ಬಾಗಿಲಿಗೆ ಬಂದು ಕಂಪನಿ ರೇಟಿಗಿಂತ ಹೆಚ್ಚು ಕೊಟ್ಟು ಒಯ್ಯುತ್ತಿದ್ದರು. ಅದಕ್ಕೆ 'ಆನ್' ಅಂತ ಹೆಸರು. ನಮ್ಮ ಹಿರಿಯರನ್ನು ಕೇಳಿ ನೋಡಿ, "ಆನ್ ಎಷ್ಟು?" ಅನ್ನೋ ಮಾತು ಅವರಿಗೆ ನೆನಪಿರುತ್ತದೆ.

ಇದನ್ನೆಲ್ಲ ಈಗ ಯಾಕೆ ಕೆದಕುತ್ತಿದ್ದೇನೆ ಅಂದ್ರೆ, ನಮ್ಮ ರಾಜೀವನಗರದಲ್ಲಿ ನನಗೆ ಗೊತ್ತಿರುವ ಮೂರ್ನಾಲ್ಕು ಮನೆಗಳಲ್ಲಿ ಈಚೆಗೆ ಒಂದೇ ಮಾತು. "ಎರಡು ಲಕ್ಷದೊಳಗೆ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಕಾರು ಸಿಗುತ್ತಾ?" ಒಂದು ಕಾರಣ ರಸ್ತೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ ಹೋಗುವಂತಿಲ್ಲ. ಮಂಡ್ಯದ ಸಂಬಂಧಿಕರ ಮನೆಗೆ ಬೈಕಿನಲ್ಲೇ ಹೋಗುತ್ತಿದ್ದವರಿಗೆ ಉಳಿದದ್ದು ಸರ್ವಿಸ್ ರೋಡು ಅಥವಾ ಬಸ್ಸು. ವಯಸ್ಸಾದ ತಂದೆ ತಾಯಿ, ಇಬ್ಬರು ಮಕ್ಕಳು ಇರುವ ಮನೆಗೆ ಕಾರು ಶೋಕಿಯಲ್ಲ. ಆದರೆ ಆ ಎರಡು ಲಕ್ಷ ಹಲವು ವರ್ಷಗಳ ಉಳಿತಾಯ. ತಪ್ಪು ಗಾಡಿ ತಗೊಂಡರೆ ಉಳಿತಾಯವೂ ಹೋಯಿತು, ಗಾಡಿಯೂ ಗ್ಯಾರೇಜು ಸೇರಿತು.

"ಟಯರ್ ನೋಡು, ಇಂಜಿನ್ ನೋಡು" ಅನ್ನೋ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನನಗೆ ಕುತೂಹಲ ಇದ್ದದ್ದು ಬೇರೆ. ಹಳೇ ಕಾರು ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ("ಸಿಂಗಲ್ ಓನರ್ರಾ?", "ರೀಸೇಲ್ ಇದೆಯಾ?", "ಡಾಕ್ಟರ್ ಗಾಡಿನಾ?") ಬಂದದ್ದು ಎಲ್ಲಿಂದ? ಅವು ಈಗಲೂ ಕೆಲಸಕ್ಕೆ ಬರುತ್ತವಾ? ಇದಕ್ಕೆ ಸ್ವಲ್ಪ ಇತಿಹಾಸ ನೋಡಬೇಕು. ಬನ್ನಿ.

*

ಶುರು ಮಾಡೋದು ನಮ್ಮ ಮೈಸೂರಿನಿಂದಲೇ. 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಿಸಬೇಕು ಅಂತ ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಪ್ರಮುಖರು. 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಉದ್ಯಮವನ್ನು ಅಧ್ಯಯನ ಮಾಡಿ ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು! ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೊದಲು ಮುಂಬಯಿ, ಆಮೇಲೆ ಮೈಸೂರು ಸಂಸ್ಥಾನ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರಕ್ಕೂ ಆಸಕ್ತಿ ಇತ್ತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರ್ಖಾನೆ ಮೈಸೂರು ಸೀಮೆಗೆ ಬರಲೇ ಇಲ್ಲ.

ವಾಲ್‌ಚಂದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು (ಇಂದಿನ ಎಚ್‌ಎಎಲ್‌ನ ಮೂಲ ಅದೇ). 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್. ಅದಕ್ಕೂ ಮೊದಲು 1942ರಲ್ಲಿ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು. ಆಮೇಲೆ ಮದರಾಸಿನ ಸ್ಟ್ಯಾಂಡರ್ಡ್ ಸೇರಿತು. ಹೆಚ್ಚುಕಡಿಮೆ ಈ ಮೂರೇ ಮನೆಗಳ ಕೈಯಲ್ಲಿ ಇಡೀ ದೇಶದ ಕಾರು ಮಾರುಕಟ್ಟೆ ಇತ್ತು. ಅಂಬಾಸಡರ್, ಫಿಯಟ್ (ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು), ಸ್ಟ್ಯಾಂಡರ್ಡ್ ಹೆರಾಲ್ಡ್. ಮುಗೀತು, ಪಟ್ಟಿ ಇಷ್ಟೇ :)

ಅಂದ ಹಾಗೆ ಮೈಸೂರಿಗೆ ಕಾರು ಬರದಿದ್ದರೂ ಬೈಕು ಬಂತು. 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. 1996ರಲ್ಲಿ ಅದು ಮುಚ್ಚಿತು. ಇವತ್ತಿಗೂ ಮೈಸೂರಿನಲ್ಲಿ ಹಳೇ ಜಾವಾ, ಯೆಜ್ಡಿಗಳು 'ಡಬ್ ಡಬ್' ಅಂತ ಓಡಾಡುತ್ತಿವೆ. ಮುಚ್ಚಿಹೋದ ಕಂಪನಿಯ ಗಾಡಿ ಇಷ್ಟು ವರ್ಷ ಹೇಗೆ ಓಡುತ್ತಿದೆ? ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಈ ಊರಿನಲ್ಲೇ ಇವೆ, ಅದಕ್ಕೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

*

ಈಗ 'ಆನ್' ಕಥೆಗೆ ಬರೋಣ. ಯಾವ ಕಂಪನಿ ಎಷ್ಟು ಕಾರು ಮಾಡಬೇಕು ಅಂತ ಲೈಸೆನ್ಸ್ ಕೊಟ್ಟು ನಿರ್ಧರಿಸುತ್ತಿದ್ದುದು ಸರ್ಕಾರ. 1970ರ ದಶಕದಲ್ಲಿ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಐವತ್ತು ಸಾವಿರಕ್ಕೂ ಕಡಿಮೆ. ಬೇಡಿಕೆ ಅದಕ್ಕಿಂತ ಎಷ್ಟೋ ಹೆಚ್ಚು. ಸಹಜವಾಗಿ ಬೆಲೆ ಏರಬೇಕಿತ್ತು. ಆದರೆ 1969ರಲ್ಲಿ ಸರ್ಕಾರ ಬೆಲೆಯನ್ನೂ ತಾನೇ ನಿಗದಿ ಮಾಡಿತು. ಆಗ ಕಾರಿನ ಬೆಲೆ ಸುಮಾರು 15 ಸಾವಿರ ರೂಪಾಯಿ. ಕಂಪನಿಗಳು ಸುಪ್ರೀಂ ಕೋರ್ಟಿನ ತನಕ ಹೋದವು.

ಬೆಲೆ ಏರುವ ಹಾಗಿಲ್ಲ, ಕಾರೂ ಸಿಗೋದಿಲ್ಲ. ಆಗ ಏನಾಗುತ್ತೆ? ಕ್ಯೂ ಉದ್ದವಾಗುತ್ತದೆ. ಕ್ಯೂನಲ್ಲಿ ಮುಂದಿರುವವನ ಜಾಗಕ್ಕೇ ಒಂದು ಬೆಲೆ ಹುಟ್ಟುತ್ತದೆ. ಅದೇ ಆನ್. ಕಾರು ತಗೊಂಡು ಮರುದಿನವೇ ಮಾರಿದರೂ ಲಾಭ.

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. 1959ರಲ್ಲೇ ಕಾರುಗಳ ವಿತರಣೆ ಮತ್ತು ಮಾರಾಟ ನಿಯಂತ್ರಣದ ಆದೇಶ ಬಂದಿತ್ತು. ಹೊಸ ಕಾರು ಕೊಂಡವರು ಅನುಮತಿ ಇಲ್ಲದೆ ಎರಡು ವರ್ಷ ಮಾರುವಂತಿಲ್ಲ ಅನ್ನುವ ನಿಯಮ. ಇನ್ನು ನಾನು ಹೇಳೋದು ನನ್ನ ಊಹೆ, ಒಪ್ಪದಿದ್ದರೆ ಜಗಳ ಆಡಬಹುದು. ಮಾರಬಾರದು ಅಂದ್ರೆ ಜನ ಮಾರೋದು ಬಿಡುತ್ತಾರಾ? ಹೆಸರು ಬದಲಾಯಿಸದೆ ಕೈ ಬದಲಾಯಿಸುತ್ತಾರೆ. ಕಾಗದ ಒಬ್ಬರ ಹೆಸರಲ್ಲಿ, ಸ್ಟೀರಿಂಗ್ ಇನ್ನೊಬ್ಬರ ಕೈಯಲ್ಲಿ. ನಿಯಮ ಹೋಗಿ ಎಷ್ಟೋ ಕಾಲ ಆಯಿತು. ಆದರೆ "ಖಾಲಿ ಫಾರಂಗೆ ಸೈನ್ ಹಾಕಿ ಕೊಡಿ ಸಾರ್, ಪಾರ್ಟಿ ಸಿಕ್ಕಿದಾಗ ನಾವೇ ಟ್ರಾನ್ಸ್‌ಫರ್ ಮಾಡಿಸ್ತೀವಿ" ಅನ್ನೋ ಅಭ್ಯಾಸದ ಬೇರು ಅಲ್ಲೇ ಎಲ್ಲೋ ಇದೆ ಅಂತ ನನ್ನ ಅನಿಸಿಕೆ.

ಈ ಅಭ್ಯಾಸದ ಬೆಲೆ ಏನು ಅಂತ ತಿಳಿಯಲು 2018ರ ಫೆಬ್ರವರಿ 6ರ ಸುಪ್ರೀಂ ಕೋರ್ಟ್ ತೀರ್ಪು ನೋಡಬೇಕು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣ. ಒಂದು ಕಾರು 2007ರಲ್ಲಿ ಮಾರಾಟವಾಯಿತು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ, ಹೀಗೆ ಕೈಯಿಂದ ಕೈಗೆ ಹೋಯಿತು. ಆರ್‌ಸಿಯಲ್ಲಿ ಹೆಸರು ಮಾತ್ರ ಮೊದಲಿನವರದ್ದೇ. 2009ರ ಮೇನಲ್ಲಿ ಅಪಘಾತ ಆಗಿ ಒಂದು ಮಗು ತೀರಿಕೊಂಡಿತು. ಪರಿಹಾರ ಯಾರು ಕೊಡಬೇಕು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರೇ ಹೊಣೆ ಅಂತ ಕೋರ್ಟ್ ಹೇಳಿತು. ವರ್ಷಗಳ ಹಿಂದೆ ಮಾರಿ ಮರೆತಿದ್ದ ಕಾರು ತಿರುಗಿ ಬಂದು ಕುತ್ತಿಗೆಗೆ ಸುತ್ತಿಕೊಂಡಿತು.

ಇದು ಮಾರುವವರ ಕಷ್ಟ, ಕೊಳ್ಳುವವರಿಗೇನು ಅಂತೀರಾ? ಕೊಂಡವರ ಹೆಸರಿಗೆ ಆರ್‌ಸಿ ಆಗದಿದ್ದರೆ ಅಪಘಾತವಾದಾಗ ತಮ್ಮ ಕಾರಿಗೆ ಇನ್ಶೂರೆನ್ಸ್ ಹಣ ಪಡೆಯುವುದೂ ಕಷ್ಟ. ಮಾರುವಾಗಲೂ ತೊಂದರೆ. ಹಾಗಾಗಿ ಬಜೆಟ್ ಕಡಿಮೆ ಇರುವವರು ಮೊದಲು ನೋಡಬೇಕಾದ ಪಾರ್ಟ್ ಇಂಜಿನ್ ಅಲ್ಲ, ಕಾಗದ! ಫಾರಂ 29, ಫಾರಂ 30. ಹಳೇ ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಬೇರೆ ಆರ್‌ಟಿಓ ವ್ಯಾಪ್ತಿಯದ್ದಾದರೆ ಎನ್‌ಓಸಿ ಬೇಕಾ ಅಂತ ವಿಚಾರಿಸಿ. ಪರಿವಾಹನ್ ತಾಣದಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇನ್ಶೂರೆನ್ಸ್ ಅವಧಿ ಎಲ್ಲ ಕಾಣುತ್ತದೆ. ಕಾಸು ಖರ್ಚಿಲ್ಲದ ಪರೀಕ್ಷೆ ಇದು.

*

1983ರ ಡಿಸೆಂಬರ್ 14. ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಹರ್‌ಪಾಲ್ ಸಿಂಗ್ ಅವರ ಕೈಗಿತ್ತರು. ಬೆಲೆ 47,500 ರೂಪಾಯಿ. ಹತ್ತು ಸಾವಿರ ಕಟ್ಟಿ ಬುಕ್ ಮಾಡಿದವರು ಲಕ್ಷಕ್ಕೂ ಮೇಲೆ. ಹಾಗಾಗಿ ಮಾರುತಿಗೂ ಶುರುವಿನ ವರ್ಷಗಳಲ್ಲಿ ಆನ್ ಇತ್ತು. ಹರ್‌ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವ ತನಕ ಆ ಕಾರನ್ನು ಮಾರಲೇ ಇಲ್ಲ. ಈಗ ಅದನ್ನು ದುರಸ್ತಿ ಮಾಡಿ ಕಂಪನಿಯ ಕೇಂದ್ರ ಕಚೇರಿಯಲ್ಲಿ ಇಟ್ಟಿದ್ದಾರೆ. ಸಿಂಗಲ್ ಓನರ್ ಅಂದ್ರೆ ಅದು :)

ನಮ್ಮ ಪ್ರಶ್ನೆಗಳು ಹುಟ್ಟಿದ್ದು ಇಂಥ ಕಾಲದಲ್ಲಿ. ಕಾರು ಅಂದ್ರೆ ಆಸ್ತಿ, ಚಿನ್ನದ ಹಾಗೆ. ಬೆಲೆ ಇಳಿಯಬಾರದು. ಅದಕ್ಕೇ "ರೀಸೇಲ್ ಇದೆಯಾ?" ಅನ್ನುವುದು ಮೊದಲ ಪ್ರಶ್ನೆ. ಕಾರು ಇದ್ದವರೇ ಬೆರಳೆಣಿಕೆ, ಅವರಲ್ಲಿ ಡಾಕ್ಟರು, ಲಾಯರು ಹೆಚ್ಚು. ಅದಕ್ಕೇ "ಡಾಕ್ಟರ್ ಗಾಡಿ".

1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸ್ ಬೇಕಿಲ್ಲ ಅಂತಾಯಿತು. ಡೇವೂ, ಫೋರ್ಡ್, ಒಪೆಲ್ ಬಂದವು. 1998ರಲ್ಲಿ ಹುಂಡೈ ಸ್ಯಾಂಟ್ರೊ, ಟಾಟಾ ಇಂಡಿಕಾ. 2000ದಲ್ಲಿ ಮಾರುತಿ ಆಲ್ಟೊ. ಕ್ಯೂ ಕರಗಿತು, ಆನ್ ಸತ್ತಿತು. ಹೊಸ ಕಾರು ಬೇಕೆಂದಾಗ ಸಿಗುವ ಹಾಗಾದ ಮೇಲೆಯೇ ಹಳೇ ಕಾರು ನಿಜವಾಗಿ ಹಳೇ ಕಾರಾಯಿತು. ಅಂದರೆ ಅಗ್ಗವಾಯಿತು. ಜೊತೆಗೆ ಇನ್ನೊಂದು ಹೊಸ ಕಾಯಿಲೆಯೂ ಬಂತು.

*

ಆ ಕಾಯಿಲೆಯ ಬಗ್ಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಬರೆದಿದ್ದರು. ಹಾಳಾದ ಹಳೇ ಕಾರಿಗೆ ಅಲ್ಲಿನ ಆಡುಮಾತಿನಲ್ಲಿ ನಿಂಬೆಹಣ್ಣು ಅಂತಾರೆ. ಅದರ ಮಾರುಕಟ್ಟೆ ಬಗ್ಗೆ ಒಂದು ಲೇಖನ. ಮೂರು ಪತ್ರಿಕೆಗಳು ವಾಪಸ್ ಕಳಿಸಿದ್ದವು, ನಾಲ್ಕನೆಯದು ಪ್ರಕಟಿಸಿತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅವರು 1967-68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷ ಇದ್ದವರು. ಆ ಲೇಖನದಲ್ಲಿ ನಮ್ಮ ಹಳ್ಳಿಗಳ ಲೇವಾದೇವಿಯ ಪ್ರಸ್ತಾಪವೂ ಇದೆ.

ಅವರ ವಾದ ಸರಳ. ಬೀದಿಯಲ್ಲಿ ಎರಡು ಆಲ್ಟೊ ಮಾರಾಟಕ್ಕಿವೆ ಅಂದುಕೊಳ್ಳಿ. ಒಂದು ಚೆನ್ನಾಗಿದೆ, ಎರಡು ಲಕ್ಷ ಬಾಳುತ್ತದೆ. ಇನ್ನೊಂದು ಲಟಾರಿ, ಒಂದು ಲಕ್ಷ. ಯಾವುದು ಯಾವುದು ಅಂತ ಮಾಲೀಕರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ನೀವು ಏನು ಮಾಡ್ತೀರಿ? ಮಧ್ಯದ ಬೆಲೆ, ಒಂದೂವರೆ ಲಕ್ಷ ಅಂತೀರಿ. ಒಳ್ಳೇ ಕಾರಿನವರು "ಇಷ್ಟಕ್ಕಾ? ಮನೇಲೇ ಇರಲಿ ಬಿಡಿ" ಅಂತ ಹೊರಟುಹೋಗುತ್ತಾರೆ. ಲಟಾರಿಯವರು ಹಲ್ಲುಕಿರಿದು "ಆಯ್ತು ಸಾರ್" ಅಂತಾರೆ. ಹೀಗೆ ಒಳ್ಳೇ ಕಾರುಗಳು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತವೆ. ಕೊನೆಗೆ ಉಳಿಯೋದು ನಿಂಬೆಹಣ್ಣು ಮಾತ್ರ.

ಇದರಿಂದ ಹೆಚ್ಚು ಪೆಟ್ಟು ತಿನ್ನುವವರು ದುಡ್ಡು ಕಡಿಮೆ ಇರುವವರು. 2001ರಲ್ಲಿ, ಅಂದ್ರೆ ಆ ನೊಬೆಲ್ ಬಂದ ವರ್ಷವೇ, ಮಾರುತಿ ತನ್ನ ಟ್ರೂ ವ್ಯಾಲ್ಯೂ ಶುರು ಮಾಡಿತು. ಪರೀಕ್ಷೆ ಮಾಡಿ, ವಾರಂಟಿ ಕೊಟ್ಟು ಹಳೇ ಕಾರು ಮಾರುವ ವ್ಯವಸ್ಥೆ. ಆಮೇಲೆ 2015ರ ಹೊತ್ತಿಗೆ ಆನ್‌ಲೈನ್ ಕಂಪನಿಗಳು ಬಂದವು. ಅಕರ್ಲಾಫ್ ಹೇಳಿದ ಮದ್ದೂ ಇದೇ, ಖಾತರಿ ಮತ್ತು ಹೆಸರು. ಆದರೆ ಮದ್ದಿಗೂ ಬೆಲೆ ಇದೆಯಲ್ಲ? ವಾರಂಟಿ ಕಾರುಗಳು ಬಹುಪಾಲು ಹೊಸ ವಯಸ್ಸಿನವು, ಬೆಲೆ ಜಾಸ್ತಿ. ಎರಡು ಲಕ್ಷದೊಳಗಿನವರಿಗೆ ಉಳಿದದ್ದು ಪರಿಚಯದವರು, ಬೀದಿ ಬ್ರೋಕರು ಮತ್ತು ಮೆಕ್ಯಾನಿಕ್.

ಇಲ್ಲಿ ಜಾವಾ ಪಾಠ ಕೆಲಸಕ್ಕೆ ಬರುತ್ತದೆ. ಮಾರುವವರಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದೇ ಸಮಸ್ಯೆ ತಾನೆ? ಆ ಅಂತರ ಕಡಿಮೆ ಮಾಡುವ ಅಗ್ಗದ ದಾರಿ ಅಂದ್ರೆ ನಮ್ಮ ಕಡೆಯ ಒಬ್ಬ ಮೆಕ್ಯಾನಿಕ್. ರಾಜೀವನಗರ, ಉದಯಗಿರಿ ಕಡೆ ಗ್ಯಾರೇಜಿಗೆ ಬರ ಇಲ್ಲ. ಕಮಿಷನ್ ಸಿಗದ, ಮುಂದೆ ಅದೇ ಗಾಡಿಯನ್ನು ತಾನೇ ರಿಪೇರಿ ಮಾಡಬೇಕಾಗಿ ಬರುವ ಮೆಕ್ಯಾನಿಕ್ಕಿಗೆ ಸಾವಿರ ರೂಪಾಯಿ ಕೊಟ್ಟು ಕರೆದುಕೊಂಡು ಹೋಗಿ. ಆ ಸಾವಿರಕ್ಕಿಂತ ದೊಡ್ಡ ವಾರಂಟಿ ಈ ಬಜೆಟ್ಟಿನಲ್ಲಿ ಇಲ್ಲ.

*

ಇನ್ನು ಯಾವ ಕಾರು? ಇದಕ್ಕೂ ಇತಿಹಾಸವೇ ಉತ್ತರ ಹೇಳುತ್ತದೆ.

ಮೊದಲನೆಯದು, ಅಂಗಡಿ ಮುಚ್ಚಿದವರ ಕಥೆ. ಡೇವೂ ಮಟಿಜ್ ಒಳ್ಳೇ ಪುಟ್ಟ ಕಾರು. ಆದರೆ ಕೊರಿಯಾದ ಮೂಲ ಕಂಪನಿ ದಿವಾಳಿಯಾಗಿ ಇಲ್ಲಿನದೂ ನಿಂತಿತು, ಮಾಲೀಕರು ಬಿಡಿಭಾಗಕ್ಕೆ ಅಲೆಯುವಂತಾಯಿತು. ಷೆವರ್ಲೆಯ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಇಂಥ ಕಾರುಗಳು ಅಗ್ಗವಾಗಿ ಸಿಗುತ್ತವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಒಂದು ಪಾರ್ಟಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತುವ ಪುರುಸೊತ್ತು, ದುಡ್ಡು ಎರಡೂ ಇದ್ದವರಿಗೆ ಮಾತ್ರ. ಇಲ್ಲದವರಿಗೆ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಐ10. ಇವು ಬೋರು ಅನ್ನಿಸಬಹುದು. ಬೋರಾಗಿರುವುದೇ ಇವುಗಳ ಗುಣ! ಪಾರ್ಟು ಯಾವ ಅಂಗಡಿಯಲ್ಲೂ ಸಿಗುತ್ತದೆ, ಕೈ ಕುದುರಿದ ಮೆಕ್ಯಾನಿಕ್ ಪ್ರತಿ ಬೀದಿಯಲ್ಲೂ ಇದ್ದಾನೆ. "ರೀಸೇಲ್ ಇದೆಯಾ?" ಅನ್ನುವ ಹಳೇ ಪ್ರಶ್ನೆಯನ್ನು ಈಗ "ರಿಪೇರಿ ಇದೆಯಾ?" ಅಂತ ಬದಲಾಯಿಸಿಕೊಳ್ಳಬೇಕು.

ಎರಡನೆಯದು, ಸುರಕ್ಷತೆ. 2019ರ ಏಪ್ರಿಲ್‌ನಿಂದ ಎಬಿಎಸ್, ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಎರಡು ಲಕ್ಷದ ಕಾರುಗಳು ಹೆಚ್ಚಿನವು ಇದಕ್ಕೂ ಹಿಂದಿನವು. ಆದರೂ ಆಗಲೇ ಮೇಲಿನ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗ್ ಇದ್ದ ಕಾರುಗಳು ಇವೆ, ಹುಡುಕಿದರೆ ಸಿಗುತ್ತವೆ. ಅಲಾಯ್ ವೀಲ್, ದೊಡ್ಡ ಸ್ಕ್ರೀನಿಗೆ ಕೊಡುವ ಹೆಚ್ಚುವರಿ ಇಪ್ಪತ್ತು ಸಾವಿರವನ್ನು ಇದಕ್ಕೆ ಕೊಡಿ. ಎಕ್ಸ್‌ಪ್ರೆಸ್‌ವೇನಲ್ಲಿ ನೂರರಲ್ಲಿ ಹೋಗುವಾಗ ಸ್ಕ್ರೀನು ಕಾಪಾಡುವುದಿಲ್ಲ.

ಮೂರನೆಯದು, ವಯಸ್ಸು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಜೊತೆಗೆ ಹಸಿರು ತೆರಿಗೆ. 14 ವರ್ಷದ ಕಾರು ಅಗ್ಗ ಅನ್ನಿಸಿದರೆ ಈ ಲೆಕ್ಕವನ್ನೂ ಸೇರಿಸಿ. ಪೆಟ್ರೋಲಿನ ವಿಷಯವೂ ಇದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ತಕ್ಕ ಬಿಡಿಭಾಗಗಳು ಕಾರುಗಳಲ್ಲಿ ಬಂದದ್ದು 2023ರ ಏಪ್ರಿಲ್‌ನಿಂದ ಈಚೆಗೆ. ಹಳೆಯದಾದರೆ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಮೆಕ್ಯಾನಿಕ್ಕಿಗೆ ತೋರಿಸಿಯೇ ಮುಂದುವರಿಯಿರಿ.

ನಾಲ್ಕನೆಯದು, ದೂರದ ಊರಿನ ಅಗ್ಗ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನುವ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿನ ಕಾರುಗಳು ಅಗ್ಗದಲ್ಲಿ ಬೇರೆ ರಾಜ್ಯಗಳಿಗೆ ಹರಿದವು. ಇಲ್ಲಿಗೆ ತಂದರೆ ಎನ್‌ಓಸಿ, ಕರ್ನಾಟಕದ ಆಜೀವ ತೆರಿಗೆ, ಓಡಾಟ ಎಲ್ಲ ಸೇರಿ ಅಗ್ಗ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಹಾಗೆಯೇ 2015ರ ಚೆನ್ನೈ ನೆರೆ, 2018ರ ಕೇರಳದ ನೆರೆಯಲ್ಲಿ ಮುಳುಗಿದ ಕಾರುಗಳೂ ಇದ್ದವು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಹೊರಗೆ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಮೀಟರ್ ಬಗ್ಗೆ ಒಂದು ಮಾತು. ಹಿಂದೆ ಕೇಬಲ್ ಬಿಚ್ಚಿ ತಿರುಗಿಸುತ್ತಿದ್ದರು. ಈಗ ಲ್ಯಾಪ್‌ಟಾಪ್ ಚುಚ್ಚಿ ನಂಬರ್ ಬದಲಾಯಿಸುತ್ತಾರೆ. ಸಾಫ್ಟ್‌ವೇರ್ ಕುಟ್ಟುವವನಾಗಿ ಹೇಳುತ್ತೇನೆ, ಸ್ಕ್ರೀನ್ ಮೇಲಿನ ಸಂಖ್ಯೆಯನ್ನು ನಂಬಬೇಡಿ :) ರಬ್ಬರನ್ನು ನಂಬಿ. 40 ಸಾವಿರ ಕಿಲೋಮೀಟರ್ ಅನ್ನುವ ಕಾರಿನ ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಏನೋ ಸರಿಯಿಲ್ಲ. ಟಯರಿನ ಮೇಲೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಸ್ಟಾರ್ಟ್ ಮಾಡಿ, ಹಿಂದೆ ಯಾರನ್ನಾದರೂ ನಿಲ್ಲಿಸಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಅಂತ ಅರ್ಥ. "ನೀವು ಬರ್ತೀರಾ ಅಂತ ಬಿಸಿ ಮಾಡಿ ಇಟ್ಟಿದ್ದೆ ಸಾರ್" ಅಂದರೆ ಇನ್ನೊಂದು ದಿನ ಬರ್ತೀನಿ ಅನ್ನಿ.

ಕೊನೆಯದಾಗಿ ದುಡ್ಡು. ಕೈಯಲ್ಲಿ ಎರಡು ಲಕ್ಷ ಇದ್ದರೆ ಎರಡು ಲಕ್ಷದ ಕಾರು ನೋಡಬೇಡಿ, ಒಂದೂವರೆಯದು ನೋಡಿ. ಉಳಿದ ಐವತ್ತು ಸಾವಿರ ಟ್ರಾನ್ಸ್‌ಫರ್, ಇನ್ಶೂರೆನ್ಸ್, ನಾಲ್ಕು ಟಯರು, ಬ್ಯಾಟರಿ, ಒಂದು ಪೂರ್ತಿ ಸರ್ವೀಸಿಗೆ. ಇಷ್ಟು ಮಾಡಿದ ಮೇಲೆಯೇ ಅದು ನಿಮ್ಮ ಕಾರು, ಅಲ್ಲಿಯ ತನಕ ಹಿಂದಿನವರ ತಲೆನೋವು.

*

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. 1989ರ ಜುಲೈ 1ಕ್ಕೆ ಮೊದಲು ನಮ್ಮ ರಾಜ್ಯದ ಗಾಡಿಗಳ ನಂಬರ್ ಎಂವೈ, ಎಂಇ, ಸಿಎ ಅಕ್ಷರಗಳಿಂದ ಶುರುವಾಗುತ್ತಿತ್ತು. ಆಮೇಲೆ ಕೆಎ ಬಂತು. ಮೈಸೂರಿಗೆ ಕೆಎ 09, ಮುಂದೆ ಪೂರ್ವ ಭಾಗಕ್ಕೆ ಕೆಎ 55. ಎಂವೈ ಪ್ಲೇಟಿನ ಕಾಲದಲ್ಲಿ ಕಾರು ಇರುವವರ ಮನೆ ಅಂದರೆ ಬೀದಿಗೆಲ್ಲ ಗೊತ್ತಿತ್ತು. ಮದುವೆ, ಹೆರಿಗೆ, ಆಸ್ಪತ್ರೆ ಎಲ್ಲಕ್ಕೂ ಅವರ ಬಾಗಿಲು ತಟ್ಟಬೇಕಿತ್ತು. ಈಗ ಆ ಬಾಗಿಲು ತಟ್ಟುತ್ತಿದ್ದವರ ಮೊಮ್ಮಕ್ಕಳು ತಮ್ಮದೇ ಕಾರು ಹುಡುಕುತ್ತಿದ್ದಾರೆ, ಹಳೆಯದಾದರೂ ಸರಿ. ಅವರಿಗೆ ಹಳೇ ಕಾರು ಅಂದ್ರೆ ಕಡಿಮೆ ದರ್ಜೆಯದಲ್ಲ, ರಾತ್ರಿ ಎರಡಕ್ಕೆ ಯಾರ ಬಾಗಿಲನ್ನೂ ತಟ್ಟದೆ ಆಸ್ಪತ್ರೆಗೆ ಹೋಗಬಹುದು ಅನ್ನೋ ಧೈರ್ಯ. ಅದು ಮೋಸ ಹೋಗಬಾರದು, ಅಷ್ಟೇ.

ನಿಮ್ಮ ಮನೆಗೆ ಬಂದ ಮೊದಲ ಕಾರು ಯಾವುದು, ಹೊಸದೋ ಹಳೆಯದೋ, ಆನ್ ಕೊಟ್ಟಿದ್ದರೋ? ಹಿರಿಯರನ್ನು ಕೇಳಿ ಬರೆಯಿರಿ, ಓದಲು ಕಾಯುತ್ತೇನೆ.